ಉಕ್ಕಿನ ಗೋದಾಮು ರೈಲು ನಿಲ್ದಾಣವಾದ ಬಗೆ: ರಾಲಿ ಸೀಮೆಯ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ

ರಾಲಿ, ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್, ಡರ್ಹಮ್ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ, ಮಕ್ಕಳ ಮನೆಗೆಂದು ಊರಿನಿಂದ ಬಂದಿರುವ ಹಿರಿಯರಿಗೆ,



ರಾಲಿ ಯೂನಿಯನ್ ಸ್ಟೇಷನ್ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ರಾಜಧಾನಿಯಲ್ಲಿರುವ ರೈಲು ನಿಲ್ದಾಣ. ನಗರದ ನಡುಭಾಗಕ್ಕೆ ಪಶ್ಚಿಮದಲ್ಲಿ, ವೇರ್‌ಹೌಸ್ ಡಿಸ್ಟ್ರಿಕ್ಟ್ ಎಂದು ಕರೆಯುವ ಹಳೆಯ ಗೋದಾಮುಗಳ ಬಡಾವಣೆಯಲ್ಲಿ, ವೆಸ್ಟ್ ಮಾರ್ಟಿನ್ ಬೀದಿಯಲ್ಲಿ ಅದು ಇದೆ. ಕಟ್ಟಡದ ಉದ್ಘಾಟನೆ 2018ರ ಏಪ್ರಿಲ್ 30ರಂದು ನಡೆಯಿತು; ಅದೇ ವರ್ಷ ಜುಲೈ 10ರಿಂದ ರೈಲುಗಳು ಅಲ್ಲಿ ನಿಲ್ಲತೊಡಗಿದವು. ನಿಲ್ದಾಣ ಹೊಸದಾದರೂ ಕಟ್ಟಡ ಹೊಸದಲ್ಲ. ಡಿಲ್ಲನ್ ಸಪ್ಲೈ ಎಂಬ ಕಂಪನಿ ಉಕ್ಕಿನ ಕೆಲಸಕ್ಕೂ ದಾಸ್ತಾನಿಗೂ ಬಳಸುತ್ತಿದ್ದ ಗೋದಾಮನ್ನೇ ಉಳಿಸಿಕೊಂಡು ನಿಲ್ದಾಣವಾಗಿ ಮಾರ್ಪಡಿಸಲಾಗಿದೆ. ತಾವು ಅದನ್ನು ಒಮ್ಮೆ ಹೋಗಿ ನೋಡಬೇಕು, ಅಲ್ಲಿಂದ ರೈಲು ಹತ್ತಬೇಕು, ಅದರ ಮುಂದಿನ ಬೆಳವಣಿಗೆಯ ಬಗ್ಗೆ ಸಾರ್ವಜನಿಕವಾಗಿ ಮಾತಾಡಬೇಕು ಎಂದು ಕೇಳಿಕೊಳ್ಳುವುದೇ ಈ ಪತ್ರದ ಉದ್ದೇಶ.

ರಾಲಿಯ ರೈಲು ಇತಿಹಾಸ ಹಲವು ನಿಲ್ದಾಣಗಳ ಇತಿಹಾಸ. ರಾಜ್ಯವನ್ನು ಅಡ್ಡಲಾಗಿ ಸೀಳಿ ಸಾಗುವ ನಾರ್ತ್ ಕ್ಯಾರೊಲೈನಾ ರೈಲ್‌ರೋಡ್ ಕಂಪನಿಗೆ 1849ರಲ್ಲಿ ಸನದು ಸಿಕ್ಕಿತು. 1856ರ ಹೊತ್ತಿಗೆ ಗೋಲ್ಡ್ಸ್‌ಬರೊದಿಂದ ರಾಲಿ, ಗ್ರೀನ್ಸ್‌ಬರೊ ಮಾರ್ಗವಾಗಿ ಶಾರ್ಲೆಟ್‌ವರೆಗಿನ ಹಳಿ ಮುಗಿಯಿತು. ಆ ದಾರಿಯ ಒಡೆತನ ಇಂದು ಪೂರ್ತಿಯಾಗಿ ರಾಜ್ಯದ ಕೈಯಲ್ಲಿದೆ. ಮೋರ್‌ಹೆಡ್ ಸಿಟಿಯ ಕಡಲತೀರದವರೆಗೆ ಅದರ ಉದ್ದ 317 ಮೈಲಿ. 1890ರ ದಶಕದ ಆರಂಭದಲ್ಲಿ ಬೇರೆ ಬೇರೆ ರೈಲು ಕಂಪನಿಗಳಿಗೆ ಸೇರಿ ಒಂದೇ ನಿಲ್ದಾಣವಿರಲೆಂದು ನ್ಯಾಶ್ ಸ್ಕ್ವೇರ್ ಉದ್ಯಾನದ ಎದುರು ಮೊದಲ ಯೂನಿಯನ್ ಸ್ಟೇಷನ್ ಎದ್ದಿತು. ಅಲ್ಲಿ ಹಳಿಗಳು ನಿಲ್ದಾಣದಲ್ಲೇ ಕೊನೆಯಾಗುತ್ತಿದ್ದುದರಿಂದ ಒಳಬಂದ ಗಾಡಿ ಮುಂದೆ ಸಾಗಬೇಕಾದರೆ ಮೊದಲು ಹಿಂದಕ್ಕೆ ಸರಿಯಬೇಕಿತ್ತು. ಗಾಡಿಗಳು ಉದ್ದವಾದಷ್ಟೂ ಈ ತೊಡಕು ಹೆಚ್ಚಿತು. ಸೀಬೋರ್ಡ್ ರೈಲು ಕಂಪನಿ 1942ರಲ್ಲಿ ನಗರದ ಉತ್ತರಕ್ಕೆ ತನ್ನದೇ ನಿಲ್ದಾಣ ಕಟ್ಟಿಕೊಂಡಿತು. ಸದರ್ನ್ ರೈಲು ಕಂಪನಿ 1950ರಲ್ಲಿ ಕಬಾರಸ್ ಬೀದಿಯಲ್ಲಿ ಮತ್ತೊಂದನ್ನು ಕಟ್ಟಿತು. ಎಲ್ಲ ಕಂಪನಿಗಳಿಗೂ ಒಂದೇ ನಿಲ್ದಾಣವೆಂಬ ಕಾಲ ಅಲ್ಲಿಗೆ ಮುಗಿಯಿತು.

ಮುಂದಿನ ದಶಕಗಳಲ್ಲಿ ಹೆದ್ದಾರಿಗಳೂ ಕಾರುಗಳೂ ಪ್ರಯಾಣಿಕರನ್ನು ಸೆಳೆದುಕೊಂಡವು. 1971ರಲ್ಲಿ ದೇಶದ ದೂರಪ್ರಯಾಣದ ರೈಲುಗಳನ್ನು ನಡೆಸಲು ಆಮ್‌ಟ್ರಾಕ್ ಸಂಸ್ಥೆ ಹುಟ್ಟಿತು. ರಾಲಿಯಲ್ಲಿ ಅದರ ಗಾಡಿ 1986ರವರೆಗೆ ಸೀಬೋರ್ಡ್ ನಿಲ್ದಾಣದಲ್ಲಿ ನಿಲ್ಲುತ್ತಿತ್ತು. ಆಮೇಲೆ ಕಬಾರಸ್ ಬೀದಿಗೆ ಬಂತು. ಸೀಬೋರ್ಡ್ ನಿಲ್ದಾಣದ ಕಟ್ಟಡ ಮುಂದೆ ಹೂಗಿಡಗಳ ಮಾರಾಟದ ಅಂಗಡಿಯಾಯಿತು. ಶಾರ್ಲೆಟ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ಕ್ಯಾರೊಲಿನಿಯನ್ ಗಾಡಿ 1990ರಿಂದ ನಿಯಮಿತವಾಗಿ ಓಡತೊಡಗಿತು. ರಾಲಿ–ಶಾರ್ಲೆಟ್ ನಡುವಿನ ಪೀಡ್‌ಮಾಂಟ್ ಗಾಡಿ 1995ರಲ್ಲಿ ಶುರುವಾಯಿತು. ಎರಡಕ್ಕೂ ರಾಜ್ಯ ಸರ್ಕಾರ ಹಣ ಹಾಕುತ್ತದೆ. ಗಾಡಿಗಳು ಹೆಚ್ಚಿದಂತೆ ಕಬಾರಸ್ ಬೀದಿಯ ನಿಲ್ದಾಣ ಸಾಲದೆ ಹೋಯಿತು. ಕಾಯುವ ಕೋಣೆ ಚಿಕ್ಕದು, ಕಾರು ನಿಲ್ಲಿಸುವ ಜಾಗ ಕಡಿಮೆ, ಪ್ಲಾಟ್‌ಫಾರ್ಮ್ ತಗ್ಗು. ವಯಸ್ಸಾದವರು, ಕೈಗೂಸಿನೊಂದಿಗೆ ಬಂದ ತಾಯಂದಿರು, ಗಾಲಿಕುರ್ಚಿಯವರು ಬೋಗಿಯ ಮೆಟ್ಟಿಲೇರಲು ಕಷ್ಟಪಡಬೇಕಿತ್ತು. ಹೊಸ ನಿಲ್ದಾಣದ ಅಗತ್ಯ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅದನ್ನು ಎಲ್ಲಿ ಕಟ್ಟುವುದು ಎಂಬುದೇ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಗೆ ಉತ್ತರ ಹಳಿಗಳ ಪಕ್ಕದಲ್ಲೇ ಇತ್ತು. ಡಿಲ್ಲನ್ ಸಪ್ಲೈ ರಾಲಿಯ ಹಳೆಯ ಕಂಪನಿ. ಕಾರ್ಖಾನೆಗಳಿಗೆ ಬೇಕಾದ ಉಕ್ಕು, ಯಂತ್ರಭಾಗ, ಸಲಕರಣೆಗಳನ್ನು ಒದಗಿಸುವುದು ಅದರ ವ್ಯಾಪಾರ. ಅದಕ್ಕೆ ಈ ಬಡಾವಣೆಯಲ್ಲಿ ಹಲವು ಕಟ್ಟಡಗಳಿದ್ದವು. ಅವುಗಳಲ್ಲಿ ವಯಡಕ್ಟ್ ಬಿಲ್ಡಿಂಗ್ ಎಂದು ಕರೆಯುತ್ತಿದ್ದ ಉಕ್ಕಿನ ಚೌಕಟ್ಟಿನ ದೊಡ್ಡ ಗೋದಾಮು ರೈಲು ಹಳಿಗಳ ಮಡಿಲಿನಲ್ಲೇ ಇತ್ತು. ಪ್ರಾದೇಶಿಕ ರೈಲು ಯೋಜನೆಯೊಂದಕ್ಕಾಗಿ ಈ ಸೀಮೆಯ ಟ್ರಯಾಂಗಲ್ ಸಾರಿಗೆ ಪ್ರಾಧಿಕಾರ ಡಿಲ್ಲನ್‌ನ ಆಸ್ತಿಯನ್ನು ಕೊಂಡುಕೊಂಡಿತ್ತು. ಕೇಂದ್ರದ ಹಣ ಒದಗದೆ ಆ ಯೋಜನೆ 2006ರಲ್ಲಿ ನಿಂತುಹೋಯಿತು. ಯೋಜನೆ ಬಿದ್ದರೂ ಕಟ್ಟಡ ಸಾರ್ವಜನಿಕರ ಕೈಯಲ್ಲೇ ಉಳಿಯಿತು. ನಗರದ ನಡುವಿನ ಬೆಲೆಬಾಳುವ ಜಾಗವನ್ನು ಆಗ ಕೈಬಿಟ್ಟಿದ್ದರೆ ಇಂದು ಅಲ್ಲಿ ನಿಲ್ದಾಣ ಇರುತ್ತಿರಲಿಲ್ಲ. ಸಾರ್ವಜನಿಕ ನೆಲವನ್ನು ಅವಸರದಲ್ಲಿ ಕಳೆದುಕೊಳ್ಳದಿರುವುದರ ಫಲ ಎಷ್ಟೋ ಸಲ ಹತ್ತಾರು ವರ್ಷಗಳ ನಂತರ ಸಿಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಗೋದಾಮು ನಿಲ್ದಾಣಕ್ಕೆ ಒಗ್ಗಿದ್ದು ಆಕಸ್ಮಿಕವಲ್ಲ. ಭಾರವಾದ ಸರಕನ್ನು ಎತ್ತಿ ಸಾಗಿಸಲು ಕಟ್ಟಿದ ಕಟ್ಟಡದಲ್ಲಿ ಕಂಬಗಳು ದೂರದೂರ ಇರುತ್ತವೆ, ಸೂರು ಎತ್ತರದಲ್ಲಿರುತ್ತದೆ, ಚೌಕಟ್ಟು ಸಾಧಾರಣ ಮನೆ–ಕಚೇರಿಗಳಿಗಿಂತ ಎಷ್ಟೋ ಪಾಲು ಗಟ್ಟಿಯಾಗಿರುತ್ತದೆ. ಜನ ಗುಂಪಾಗಿ ಬಂದು, ಕಾದು, ಒಟ್ಟಿಗೆ ಹೊರಡುವ ನಿಲ್ದಾಣಕ್ಕೂ ಬೇಕಾದ್ದು ಇವೇ: ಅಡೆತಡೆಯಿಲ್ಲದ ನೆಲ, ಗಾಳಿಬೆಳಕಿನ ಎತ್ತರ, ದೂರದಿಂದಲೇ ದಾರಿ ಕಾಣುವ ತೆರಪು. ಇನ್ನೊಂದು ಕಾರಣವೂ ಇದೆ. ರೈಲಿನಲ್ಲಿ ಬರುವ ಸರಕನ್ನು ಇಳಿಸಿಕೊಳ್ಳಲು ಅನುಕೂಲವಾಗಲೆಂದೇ ಆ ಕಾಲದ ಗೋದಾಮುಗಳನ್ನು ಹಳಿಯ ಪಕ್ಕದಲ್ಲಿ ಕಟ್ಟುತ್ತಿದ್ದರು. ಸರಕು ಲಾರಿಗೆ ಬದಲಾದ ಮೇಲೆ ಆ ಜಾಗಗಳು ಖಾಲಿ ಬಿದ್ದವು. ಹೀಗಾಗಿ ಪ್ರಯಾಣಿಕರ ರೈಲಿಗೆ ನೆಲ ಬೇಕಾದಾಗ ಹಳಿಗೆ ಅತಿ ಹತ್ತಿರದಲ್ಲಿ ಸಿಗುವುದು ಇಂಥ ಕಟ್ಟಡಗಳೇ. ಮೂರನೆಯದು, ವೆಚ್ಚ ಮತ್ತು ಪರಿಸರದ ಲೆಕ್ಕ. ಉಕ್ಕು, ಇಟ್ಟಿಗೆ, ಸಿಮೆಂಟು ತಯಾರಿಸಲು ಅಪಾರ ಕಲ್ಲಿದ್ದಲು ಮತ್ತು ವಿದ್ಯುತ್ತು ಖರ್ಚಾಗಿರುತ್ತದೆ. ನಿಂತಿರುವ ಚೌಕಟ್ಟನ್ನು ಕೆಡವಿದರೆ ಆ ಖರ್ಚೆಲ್ಲ ಮಣ್ಣುಪಾಲು. ಹೊಸದನ್ನು ಎಬ್ಬಿಸಲು ಮತ್ತೆ ಅಷ್ಟೇ ಖರ್ಚು. ಇದ್ದ ಚೌಕಟ್ಟನ್ನು ಉಳಿಸಿಕೊಂಡರೆ ಇವೆರಡೂ ತಪ್ಪುತ್ತವೆ.

ನಿಲ್ದಾಣದ ವಿನ್ಯಾಸ ರಾಲಿಯದೇ ಆದ ಕ್ಲಿಯರ್‌ಸ್ಕೇಪ್ಸ್ ವಾಸ್ತುಶಿಲ್ಪ ಸಂಸ್ಥೆಯದು. ನಿರ್ಮಾಣ ಸ್ಕಾನ್ಸ್ಕಾ ಕಂಪನಿಯದು. ಕೇಂದ್ರ ಸಾರಿಗೆ ಇಲಾಖೆ 2012ರಲ್ಲಿ ಟೈಗರ್ ಎಂಬ ಸ್ಪರ್ಧಾತ್ಮಕ ಅನುದಾನದಿಂದ ಹಣ ಕೊಟ್ಟಿತು. ರಾಜ್ಯವೂ ನಗರವೂ ತಮ್ಮ ಪಾಲು ಸೇರಿಸಿದವು. ಹಳಿ, ಸಿಗ್ನಲ್, ಪ್ಲಾಟ್‌ಫಾರ್ಮ್ ಎಲ್ಲ ಸೇರಿ ತಗುಲಿದ ವೆಚ್ಚ ಸುಮಾರು 11 ಕೋಟಿ ಡಾಲರ್. ಇದು ತೆರಿಗೆಯ ಹಣ. ಈ ಊರುಗಳಲ್ಲಿ ದುಡಿದು ತೆರಿಗೆ ಕಟ್ಟುವ ಪ್ರತಿಯೊಂದು ಕನ್ನಡ ಕುಟುಂಬದ ಪಾಲೂ ಆ ಕಟ್ಟಡದಲ್ಲಿ ಸೇರಿದೆ. ಆದ್ದರಿಂದ ಅಲ್ಲಿಗೆ ಹೋಗುವ ತಾವು ಅತಿಥಿಗಳಲ್ಲ, ಪಾಲುದಾರರು.

ಭೇಟಿ ಕೊಟ್ಟವರ ಕಣ್ಣಿಗೆ ಮೊದಲು ಬೀಳುವುದು ಕಟ್ಟಡದ ಚೌಕಟ್ಟು. ಹಳೆಯ ಉಕ್ಕಿನ ಕಂಬಗಳು, ತೊಲೆಗಳು, ಸೂರನ್ನು ಹೊತ್ತ ಜಂತಿಗಳು ಯಾವ ಹೊದಿಕೆಯೂ ಇಲ್ಲದೆ ಕಾಣುತ್ತವೆ. ರಿವೆಟ್ಟು, ಬೆಸುಗೆ, ಬೋಲ್ಟುಗಳನ್ನು ಮರೆಮಾಡಿಲ್ಲ. ಕಂಬಗಳ ನಡುವೆ ದೊಡ್ಡ ಗಾಜಿನ ಗೋಡೆಗಳನ್ನು ನಿಲ್ಲಿಸಿರುವುದರಿಂದ ಹಗಲಿನ ಬೆಳಕು ಹಜಾರದ ಒಳಕ್ಕೆ ಚೆನ್ನಾಗಿ ಬರುತ್ತದೆ, ಒಳಗೆ ಕೂತವರಿಗೆ ಊರು ಕಾಣುತ್ತದೆ. ಹಳೆಯದು ಯಾವುದು, ಹೊಸದಾಗಿ ಸೇರಿಸಿದ್ದು ಯಾವುದು ಎಂಬುದನ್ನು ನೋಡುಗರು ತಾವೇ ಗುರುತಿಸಬಹುದು. ಹಳೆಯದನ್ನು ಹೊಸದರಂತೆ ತೋರಿಸುವ, ಹೊಸದಕ್ಕೆ ಹಳೆಯದರ ವೇಷ ಹಾಕುವ ಪ್ರಯತ್ನ ಇಲ್ಲಿ ನಡೆದಿಲ್ಲ. ಹೊರಗೆ ಜನ ಸೇರಲು ತೆರೆದ ಅಂಗಳವಿದೆ. ಒಳಗೆ ಸಭೆ ಸಮಾರಂಭಗಳಿಗೂ ಒದಗುವ ಹಜಾರವಿದೆ.

ಹಜಾರದಿಂದ ಪ್ಲಾಟ್‌ಫಾರ್ಮಿಗೆ ಹೋಗಲು ಹಳಿ ದಾಟಬೇಕಿಲ್ಲ. ಹಳಿಗಳ ಕೆಳಗೆ ಹಾದುಹೋಗುವ ದಾರಿಯಲ್ಲಿ ನಡೆದು ಮೇಲಕ್ಕೆ ಬಂದರೆ ಪ್ಲಾಟ್‌ಫಾರ್ಮ್ ಸಿಗುತ್ತದೆ. ಮೆಟ್ಟಿಲು ಹತ್ತಲಾಗದವರಿಗೆ ಲಿಫ್ಟ್ ಇದೆ. ಪ್ಲಾಟ್‌ಫಾರ್ಮನ್ನು ಬೋಗಿಯ ನೆಲದ ಮಟ್ಟಕ್ಕೆ ಎತ್ತರಿಸಿ ಕಟ್ಟಲಾಗಿದೆ. ಗಾಡಿ ಬಂದು ನಿಂತರೆ ಮೆಟ್ಟಿಲಿಲ್ಲದೆ ನೇರವಾಗಿ ಒಳಗೆ ಕಾಲಿಡಬಹುದು. ಮೊಣಕಾಲು ನೋವಿನ ಹಿರಿಯರಿಗೆ ಈ ಒಂದು ಅನುಕೂಲವೇ ಸಾಕು. ಅಮೆರಿಕದ ದಕ್ಷಿಣ ಭಾಗದ ಬಹುಪಾಲು ನಿಲ್ದಾಣಗಳಲ್ಲಿ ಈಗಲೂ ತಗ್ಗು ಪ್ಲಾಟ್‌ಫಾರ್ಮುಗಳೇ ಇವೆ. ರಾಲಿಯ ಈ ಏರ್ಪಾಡು ಆ ಪ್ರದೇಶಕ್ಕೆ ವಿಶೇಷವಾದದ್ದು.

ನಿಲ್ದಾಣದ ಸುತ್ತಲಿನ ಹಳಿಗಳ ಜೋಡಣೆಯೂ ಗಮನಿಸಬೇಕಾದ್ದು. ಮೂರು ದಿಕ್ಕಿನಿಂದ ಬಂದ ಹಳಿಗಳು ಇಲ್ಲಿ ತ್ರಿಕೋನಾಕಾರದಲ್ಲಿ ಕೂಡುತ್ತವೆ. ಇದನ್ನು ಬಾಯ್ಲನ್ ವೈ ಎನ್ನುತ್ತಾರೆ. ತ್ರಿಕೋನದ ಒಂದು ಬದಿಯಲ್ಲಿ ಮುಂದಕ್ಕೆ ಹೋಗಿ, ಇನ್ನೊಂದರಲ್ಲಿ ಹಿಂದಕ್ಕೆ ಸರಿದು, ಮೂರನೆಯದರಲ್ಲಿ ಮತ್ತೆ ಮುಂದೆ ಬಂದರೆ ಇಡೀ ಗಾಡಿಯ ಮುಖ ತಿರುಗುತ್ತದೆ. ಕಬಾರಸ್ ಬೀದಿಯ ಹಳೆಯ ನಿಲ್ದಾಣವೂ ಇದರ ಹತ್ತಿರವೇ ಇತ್ತು. ಸ್ವಲ್ಪ ದೂರದ ಬಾಯ್ಲನ್ ಅವೆನ್ಯೂ ಸೇತುವೆಯ ಮೇಲೆ ನಿಂತರೆ ತ್ರಿಕೋನವೂ ಅದರಾಚೆ ನಗರದ ಎತ್ತರದ ಕಟ್ಟಡಗಳೂ ಒಂದೇ ನೋಟಕ್ಕೆ ಸಿಗುತ್ತವೆ. ರಾಲಿಯ ಚಿತ್ರ ತೆಗೆಯುವವರು ಆರಿಸಿಕೊಳ್ಳುವ ಜಾಗ ಅದು. ಸಂಜೆ ಬೆಳಕಿನಲ್ಲಿ ಮಕ್ಕಳನ್ನು ಅಲ್ಲಿ ನಿಲ್ಲಿಸಿ ಗೂಡ್ಸ್ ಗಾಡಿಯೊಂದು ತಿರುವು ತೆಗೆದುಕೊಳ್ಳುವುದನ್ನು ತೋರಿಸಿದರೆ ರೈಲು ಹೇಗೆ ದಾರಿ ಬದಲಿಸುತ್ತದೆ ಎಂಬ ಪಾಠಕ್ಕೆ ಪುಸ್ತಕ ಬೇಕಾಗುವುದಿಲ್ಲ.

ನಿಲ್ದಾಣದ ನೆರೆಯೂ ಇದೇ ಬಗೆಯದು. ಎದುರಿಗೆ ಎದ್ದಿರುವ ದಿ ಡಿಲ್ಲನ್ ಎಂಬ ಹದಿನೇಳು ಅಂತಸ್ತಿನ ಕಟ್ಟಡ ತನ್ನ ಬುಡದಲ್ಲಿ ಡಿಲ್ಲನ್ ಗೋದಾಮಿನ ಹಳೆಯ ಇಟ್ಟಿಗೆ ಗೋಡೆಗಳನ್ನು ಉಳಿಸಿಕೊಂಡಿದೆ. ಹತ್ತಿರದಲ್ಲೇ ಸಮಕಾಲೀನ ಕಲಾ ಸಂಗ್ರಹಾಲಯ 2011ರಲ್ಲಿ ತೆರೆದದ್ದು ಹಣ್ಣುತರಕಾರಿ ದಾಸ್ತಾನು ಮಾಡುತ್ತಿದ್ದ ಗೋದಾಮಿನಲ್ಲಿ. ಒಂದು ಬಡಾವಣೆಯ ಚಹರೆಯನ್ನು ಒಂದೇ ಕಟ್ಟಡ ಕಾಪಾಡಲಾರದು. ಕಟ್ಟಡಗಳ ಸಾಲು ಒಟ್ಟಾಗಿ ಉಳಿದಾಗ ಊರಿನ ದುಡಿಮೆಯ ಚರಿತ್ರೆ ಬೀದಿಯಲ್ಲೇ ಓದಲು ಸಿಗುತ್ತದೆ.

ಇದೇ ಹಳಿಯ ಮೇಲೆ ಪಶ್ಚಿಮಕ್ಕೆ ಹೊರಟರೆ ಮರುಬಳಕೆಯ ಇನ್ನೂ ಹಲವು ಉದಾಹರಣೆಗಳು ಎದುರಾಗುತ್ತವೆ. ಅವುಗಳಲ್ಲಿ ಡರ್ಹಮ್‌ನದು ಮುಖ್ಯ. ಆ ಊರಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋಪುರವುಳ್ಳ ಚೆಂದದ ಯೂನಿಯನ್ ಸ್ಟೇಷನ್ ಇತ್ತು. 1960ರ ದಶಕದಲ್ಲಿ ನಗರದ ನಡುಭಾಗದ ಸುತ್ತ ವರ್ತುಲ ರಸ್ತೆ ಮಾಡುವ ಭರದಲ್ಲಿ ಅದನ್ನು ಕೆಡವಿದರು. ಮುಂದೆ ರೈಲು ಮರಳಿ ಬಂದಾಗ ಊರಿಗೆ ನಿಲ್ದಾಣವೇ ಇರಲಿಲ್ಲ. ಪ್ರಯಾಣಿಕರು ವರ್ಷಗಟ್ಟಲೆ ಚಿಕ್ಕ ತಾತ್ಕಾಲಿಕ ಕಟ್ಟಡದಲ್ಲಿ ಕಾಯಬೇಕಾಯಿತು. ಕೊನೆಗೆ 2009ರಲ್ಲಿ ನೆರವಿಗೆ ಬಂದದ್ದು ಲಿಗೆಟ್ ಅಂಡ್ ಮೈಯರ್ಸ್ ತಂಬಾಕು ಕಂಪನಿಯ ವಾಕರ್ ಗೋದಾಮು. ಡರ್ಹಮ್ ಬೆಳೆದದ್ದೇ ತಂಬಾಕಿನಿಂದ. ಎಲೆಯನ್ನು ಹದವಾಗಿ ಮಾಗಲು ಇಡುತ್ತಿದ್ದ ದಪ್ಪ ಇಟ್ಟಿಗೆ ಗೋಡೆಗಳ ಕಟ್ಟಡದಲ್ಲಿ ಇಂದು ಜನ ರೈಲಿಗೆ ಕಾಯುತ್ತಾರೆ. ಒಳ್ಳೆಯ ನಿಲ್ದಾಣವನ್ನು ಕೆಡವಿದ ಊರಿಗೆ ಕೆಡವದೆ ಬಿಟ್ಟ ಗೋದಾಮು ನಿಲ್ದಾಣವಾಯಿತು. ನಗರಗಳು ಇದನ್ನು ನೆನಪಿಡಬೇಕು.

ಗ್ರೀನ್ಸ್‌ಬರೊದಲ್ಲಿ 1927ರ ಭವ್ಯ ನಿಲ್ದಾಣವನ್ನು ಬಿಟ್ಟು 1979ರಲ್ಲಿ ಪ್ರಯಾಣಿಕರ ರೈಲು ಬೇರೆಡೆಗೆ ಹೋಗಿತ್ತು. ಕಟ್ಟಡವನ್ನು ದುರಸ್ತಿ ಮಾಡಿ 2005ರಲ್ಲಿ ರೈಲನ್ನು ಅಲ್ಲಿಗೇ ಮರಳಿ ತಂದರು. ಸಾಲ್ಸ್‌ಬರಿಯ 1908ರ ನಿಲ್ದಾಣವನ್ನು ಊರಿನ ಪರಂಪರೆ ಪ್ರತಿಷ್ಠಾನ ಕೊಂಡು ಉಳಿಸಿತು. ಅಲ್ಲಿಂದ ತೀರ ಹತ್ತಿರದ ಸ್ಪೆನ್ಸರ್ ಊರಿನಲ್ಲಿ ಸದರ್ನ್ ಕಂಪನಿ 1896ರಲ್ಲಿ ಆರಂಭಿಸಿದ ಉಗಿಬಂಡಿ ದುರಸ್ತಿ ಕಾರ್ಖಾನೆ ಇಂದು ರಾಜ್ಯದ ಸಾರಿಗೆ ವಸ್ತುಸಂಗ್ರಹಾಲಯ. ಎಂಜಿನ್ನುಗಳನ್ನು ಸುತ್ತಲೂ ನಿಲ್ಲಿಸುವ ವೃತ್ತಾಕಾರದ ಶೆಡ್ಡು, ಅದರ ನಡುವಿನ ತಿರುಗುಮೇಜು ಎರಡೂ ಅಲ್ಲಿ ಉಳಿದಿವೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯ ನೋಡಿದ ಹಿರಿಯರಿಗೆ ಈ ಸ್ಥಳ ಖಂಡಿತ ಇಷ್ಟವಾಗುತ್ತದೆ.

ಕೈಗಾರಿಕೆಯ ಕಟ್ಟಡಗಳು ಕಾಣೆಯಾಗುವುದು ಕನ್ನಡಿಗರಿಗೆ ಹೊಸ ಅನುಭವವಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲಿನಲ್ಲಿ ತಲೆಮಾರುಗಟ್ಟಲೆ ಜನ ದುಡಿದರು. ಮಿಲ್ಲು ನಿಂತ ಮೇಲೆ ಆ ನೆಲದಲ್ಲಿ ಮಾಲ್, ಬಹುಮಹಡಿ ವಸತಿಗಳು ಬಂದವು. ಬಿನ್ನಿ ಎಂಬ ಹೆಸರು ರಸ್ತೆ, ಪೇಟೆಗಳಲ್ಲಿ ಉಳಿಯಿತು. ರಾಲಿಯ ನಿಲ್ದಾಣವನ್ನು ಮಕ್ಕಳಿಗೆ ತೋರಿಸುವಾಗ ಇದನ್ನೂ ಹೇಳಿದರೆ ಎರಡು ಊರುಗಳ ಚರಿತ್ರೆ ಅವರ ಮನಸ್ಸಿನಲ್ಲಿ ಜೊತೆಯಾಗಿ ನಿಲ್ಲುತ್ತದೆ. ದುಡಿದ ಜನರ ನೆನಪಿಗೆ ಕಟ್ಟಡವೂ ಒಂದು ದಾಖಲೆ ಎಂಬ ಅರಿವು ಬರುತ್ತದೆ.

ಈಗ ನಿಲ್ದಾಣದ ಬಳಕೆಯ ಮಾತು. ಪೀಡ್‌ಮಾಂಟ್ ಗಾಡಿಗಳು ರಾಲಿಯಿಂದ ಕ್ಯಾರಿ, ಡರ್ಹಮ್, ಬರ್ಲಿಂಗ್ಟನ್, ಗ್ರೀನ್ಸ್‌ಬರೊ, ಹೈ ಪಾಯಿಂಟ್, ಸಾಲ್ಸ್‌ಬರಿ, ಕನ್ನಾಪೊಲಿಸ್ ಮೂಲಕ ಶಾರ್ಲೆಟ್ ತಲುಪುತ್ತವೆ. ದೂರ 173 ಮೈಲಿ. ಹಿಡಿಯುವ ಸಮಯ ಮೂರು ಗಂಟೆಗಿಂತ ತುಸು ಹೆಚ್ಚು. 2023ರ ಜುಲೈಯಿಂದ ಕ್ಯಾರೊಲಿನಿಯನ್ ಸೇರಿ ರಾಲಿ–ಶಾರ್ಲೆಟ್ ನಡುವೆ ದಿನಕ್ಕೆ ಹೋಗಿಬರುವ ಐದು ಜೋಡಿ ಗಾಡಿಗಳಾದವು. ಕ್ಯಾರೊಲಿನಿಯನ್ ರಾಲಿಯಿಂದ ಮುಂದೆ ರಿಚ್ಮಂಡ್, ವಾಷಿಂಗ್ಟನ್, ಫಿಲಡೆಲ್ಫಿಯ ದಾಟಿ ನ್ಯೂಯಾರ್ಕ್‌ವರೆಗೆ ಹೋಗುತ್ತದೆ. 2024ರ ನವೆಂಬರಿನಲ್ಲಿ ರಾಲಿಯಲ್ಲಿ ನಿಲ್ಲುತ್ತಿದ್ದ ಸಿಲ್ವರ್ ಸ್ಟಾರ್ ಗಾಡಿಯನ್ನು ಮತ್ತೊಂದು ಗಾಡಿಯೊಡನೆ ಕೂಡಿಸಿದ್ದರಿಂದ ಶಿಕಾಗೊ–ಮಯಾಮಿ ನಡುವಿನ ಫ್ಲೊರಿಡಿಯನ್ ಕೂಡ ರಾಲಿಯ ಮೂಲಕ ಸಾಗತೊಡಗಿತು. ರಾಜ್ಯದ ಬೆಂಬಲದ ಗಾಡಿಗಳಲ್ಲಿ 2024ರಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಪ್ರಯಾಣ ಮಾಡಿದರು. ಅದು ಆವರೆಗಿನ ದಾಖಲೆ.

ಆದರೂ ಊರಿನಿಂದ ಬಂದ ಹಿರಿಯರು ಹಜಾರದಲ್ಲಿ ನಿಂತು ಮೊದಲು ಕೇಳುವುದು ಜನರೆಲ್ಲಿ ಎಂದೇ. ಬೆಂಗಳೂರು, ಹುಬ್ಬಳ್ಳಿ, ಅರಸೀಕೆರೆಯ ನಿಲ್ದಾಣಗಳನ್ನು ಕಂಡವರಿಗೆ ಅದು ಸಹಜವಾದ ಪ್ರಶ್ನೆ. ಈ ಪತ್ರ ಬರೆದವರು ಆ ಪ್ರಶ್ನೆಯನ್ನು ಮನೆಯ ಹಿರಿಯರಿಂದಲೇ ಕೇಳಿದ್ದಾರೆ. ಗಾಡಿ ಬರುವ ಮುನ್ನ ಹಜಾರ ತುಂಬುತ್ತದೆ. ಗಾಡಿ ಹೋದ ಮೇಲೆ ಮುಂದಿನ ಗಾಡಿಯವರೆಗೆ ಬಹುಮಟ್ಟಿಗೆ ಖಾಲಿ ಇರುತ್ತದೆ. ಕಟ್ಟಡದ ಕೆಲಸ ಮುಗಿದಿದೆ, ಸೇವೆಯ ಕೆಲಸ ನಡೆಯುತ್ತಿದೆ. ರಾಲಿಯಿಂದ ರಿಚ್ಮಂಡ್‌ಗೆ ನೇರ ದಾರಿಯಾದ ಹಳೆಯ ಸೀಬೋರ್ಡ್ ಹಳಿಯನ್ನು ಮತ್ತೆ ಪ್ರಯಾಣಿಕರಿಗೆ ತೆರೆಯುವ ಯೋಜನೆಯ ಮೊದಲ ಹಂತಕ್ಕೆ, ಅಂದರೆ ರಾಲಿಯಿಂದ ವೇಕ್ ಫಾರೆಸ್ಟ್‌ವರೆಗೆ, ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಸುಮಾರು 109 ಕೋಟಿ ಡಾಲರ್ ಮಂಜೂರು ಮಾಡಿತು. ನಿಲ್ದಾಣದ ಪಕ್ಕದಲ್ಲೇ ಪ್ರಾದೇಶಿಕ ಬಸ್ಸುಗಳನ್ನು ಸೇರಿಸುವ ಯೋಜನೆಯನ್ನೂ ಕೈಗೊಳ್ಳಲಾಯಿತು. ಇಂಥ ಯೋಜನೆಗಳು ಮುಂದೆ ಸಾಗುವುದು ಬಳಸುವ ಜನರಿದ್ದಾಗ, ಮತ್ತು ಆ ಜನ ತಮ್ಮ ಅಗತ್ಯವನ್ನು ಹೇಳಿದಾಗ.

ಇಲ್ಲಿಯೇ ತಮ್ಮ ಪಾತ್ರ ಬರುತ್ತದೆ. 1959ರಲ್ಲಿ ಸ್ಥಾಪನೆಯಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಸಂಶೋಧನೆ, ಔಷಧ, ಸಾಫ್ಟ್‌ವೇರ್ ಕಂಪನಿಗಳ ಕೆಲಸಕ್ಕೆಂದು ಬಂದ ಕನ್ನಡ ಕುಟುಂಬಗಳು ಈ ಊರುಗಳಲ್ಲಿ ಬೇರೂರಿವೆ. ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆಯುತ್ತಿದ್ದಾರೆ. ಶಾಲೆ, ಕಚೇರಿ, ದಿನಸಿ, ಕ್ಯಾರಿಯ ವೆಂಕಟೇಶ್ವರ ದೇವಸ್ಥಾನ ಎಲ್ಲಿಗೆ ಹೋಗಬೇಕಾದರೂ ಕಾರು ಬೇಕೇ ಬೇಕು ಎಂಬ ಬದುಕು ಇಲ್ಲಿಯದು. ಇದರ ಭಾರವನ್ನು ಹೆಚ್ಚು ಹೊರುವವರು ಹಿರಿಯರು. ಊರಿನಲ್ಲಿ ಬಸ್ಸು, ರೈಲು, ಆಟೊ ಹಿಡಿದು ಒಬ್ಬರೇ ಓಡಾಡುತ್ತಿದ್ದ ಅಜ್ಜ ಅಜ್ಜಿ ಇಲ್ಲಿ ವಾರದ ಐದು ದಿನ ಮನೆಯೊಳಗೆ ಇದ್ದು, ಶನಿವಾರ ಯಾರು ಎಲ್ಲಿಗೆ ಕರೆದೊಯ್ಯುವರೋ ಎಂದು ಕಾಯುತ್ತಾರೆ. ಈ ನೆಲದಲ್ಲಿ ಅವರಿಗೆ ಆಳವಾಗಿ ಪರಿಚಯವಿರುವ ವಾಹನ ರೈಲು. ಅವರಿಗೆ ಅದನ್ನು ತಲುಪಿಸುವುದು ಮಕ್ಕಳ ಕೈಯಲ್ಲಿರುವ ಕೆಲಸ.

ಆದ್ದರಿಂದ ತಮ್ಮಲ್ಲಿ ಐದು ವಿನಂತಿಗಳು.

ಮೊದಲನೆಯದು, ಒಂದು ರಜಾದಿನ ಕುಟುಂಬಸಮೇತ ನಿಲ್ದಾಣ ನೋಡಲೆಂದೇ ಹೋಗಿ ಬನ್ನಿ. ರೈಲು ಹತ್ತುವ ಅವಸರವಿಲ್ಲದಾಗ ಕಟ್ಟಡ ಚೆನ್ನಾಗಿ ಕಾಣುತ್ತದೆ. ಕಂಬ, ತೊಲೆ, ಜಂತಿಗಳನ್ನು ಮಕ್ಕಳಿಗೆ ತೋರಿಸಿ. ಯಾವುದು ಹಳೆಯದು, ಯಾವುದು ಹೊಸದು ಎಂದು ಅವರೇ ಕಂಡುಹಿಡಿಯಲಿ. ಬಾಯ್ಲನ್ ಸೇತುವೆಯನ್ನೂ ಸುತ್ತಲಿನ ಗೋದಾಮುಗಳ ಬೀದಿಗಳನ್ನೂ ಅದೇ ದಿನ ನಡೆದು ನೋಡಬಹುದು.

ಎರಡನೆಯದು, ಮೊದಲ ಪ್ರಯಾಣ ಚಿಕ್ಕದಿರಲಿ. ರಾಲಿಯಿಂದಲೋ ಕ್ಯಾರಿಯಿಂದಲೋ ಡರ್ಹಮ್‌ಗೆ ಹೋಗಿ, ತಂಬಾಕಿನ ಗೋದಾಮಿನ ನಿಲ್ದಾಣ ನೋಡಿ, ಊಟ ಮಾಡಿ ಮರಳುವುದು ಅರ್ಧ ದಿನದ ಕೆಲಸ. ಮುಂದಿನ ಸಲ ಶಾರ್ಲೆಟ್‌ಗೆ ಹೋಗಬಹುದು. ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಬೇಕು. ದೊಡ್ಡವರು ಭಾವಚಿತ್ರವಿರುವ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಆಮ್‌ಟ್ರಾಕ್ ನಿಯಮದಂತೆ ದೊಡ್ಡವರ ಜೊತೆ ಹೋಗುವ 2ರಿಂದ 12 ವರ್ಷದ ಮಕ್ಕಳಿಗೆ ಅರ್ಧ ದರವೂ 65 ದಾಟಿದವರಿಗೆ ರಿಯಾಯಿತಿಯೂ ಇವೆ. ಹಳಿಯ ಮೇಲೆ ಗೂಡ್ಸ್ ಗಾಡಿಗಳೂ ಓಡುವುದರಿಂದ ಕೆಲವೊಮ್ಮೆ ತಡವಾಗುತ್ತದೆ. ಹಿಂದಿರುಗುವ ಹೊತ್ತಿಗೆ ಸ್ವಲ್ಪ ಬಿಡುವಿಟ್ಟುಕೊಂಡು ಹೊರಡುವುದು ಒಳ್ಳೆಯದು.

ಮೂರನೆಯದು, ಹಿರಿಯರಿಗೆ ರೈಲಿನ ದಾರಿ ಕಲಿಸಿ. ಒಮ್ಮೆ ಜೊತೆಯಲ್ಲಿ ಹೋಗಿ ಹಜಾರ, ಕೆಳದಾರಿ, ಲಿಫ್ಟ್, ಪ್ಲಾಟ್‌ಫಾರ್ಮ್ ತೋರಿಸಿ. ಆಮೇಲೆ ನಾಲ್ಕಾರು ಮನೆಗಳ ಹಿರಿಯರು ಗುಂಪಾಗಿ ಹೋಗಿ ಬರುವಂತೆ ಏರ್ಪಾಡು ಮಾಡಿ. ರಾಜ್ಯದ ಗಾಡಿಗಳಲ್ಲಿ ಪ್ರಯಾಣಿಕರ ನೆರವಿಗೆ ಸ್ವಯಂಸೇವಕರೂ ಇರುತ್ತಾರೆ. ಅಕ್ಟೋಬರಿನಲ್ಲಿ ರಾಜ್ಯದ ಜಾತ್ರೆ ನಡೆಯುವಾಗ ಗಾಡಿಗಳು ಜಾತ್ರೆಯ ಮೈದಾನದ ಬಳಿಯೇ ನಿಲ್ಲುತ್ತವೆ. ಅಜ್ಜ ಅಜ್ಜಿ ಮೊಮ್ಮಕ್ಕಳು ಒಟ್ಟಾಗಿ ಹೋಗಲು ಅದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

ನಾಲ್ಕನೆಯದು, ಕನ್ನಡ ಕೂಟಗಳ ಹಿರಿಯರಲ್ಲಿ. ವರ್ಷದ ಕಾರ್ಯಕ್ರಮಗಳಲ್ಲಿ ರಾಜ್ಯೋತ್ಸವ, ಯುಗಾದಿಗಳ ಜೊತೆ ಒಂದು ರೈಲು ಪ್ರವಾಸವೂ ಇರಲಿ. ಸ್ಪೆನ್ಸರಿನ ವಸ್ತುಸಂಗ್ರಹಾಲಯ, ಡರ್ಹಮ್‌ನ ತಂಬಾಕು ಕಟ್ಟಡಗಳು, ರಾಲಿಯ ಗೋದಾಮುಗಳ ಬೀದಿ ಇವನ್ನು ಕನ್ನಡ ಕಲಿಯುವ ಮಕ್ಕಳು ಕಂಡು ಕನ್ನಡದಲ್ಲಿ ಬರೆಯಲಿ. ತಾವು ಬೆಳೆಯುತ್ತಿರುವ ನೆಲದ ಬಗ್ಗೆ ತಮ್ಮ ಭಾಷೆಯಲ್ಲಿ ಬರೆಯುವ ಮಕ್ಕಳಿಗೆ ಎರಡೂ ತಮ್ಮವೇ ಆಗುತ್ತವೆ.

ಐದನೆಯದು ಎಲ್ಲಕ್ಕಿಂತ ಮುಖ್ಯ. ನಗರಸಭೆಗಳು, ರಾಜ್ಯದ ಸಾರಿಗೆ ಇಲಾಖೆ, ಪ್ರಾದೇಶಿಕ ಸಾರಿಗೆ ಸಂಸ್ಥೆಗಳು ರೈಲು, ಬಸ್ಸು, ಹಳೆಯ ಕಟ್ಟಡಗಳ ಯೋಜನೆಗಳ ಬಗ್ಗೆ ಸಾರ್ವಜನಿಕ ಅಭಿಪ್ರಾಯ ಕೇಳುತ್ತವೆ. ಆ ಸಭೆಗಳಿಗೆ ಹೋಗಿ, ಲಿಖಿತ ಅಭಿಪ್ರಾಯ ಕೊಡಿ. ಗಾಡಿಗಳ ಸಂಖ್ಯೆ ಹೆಚ್ಚಬೇಕು, ಬಡಾವಣೆಗಳಿಂದ ನಿಲ್ದಾಣಕ್ಕೆ ಬಸ್ಸು ಬೇಕು, ನಿಂತಿರುವ ಗಟ್ಟಿಮುಟ್ಟಾದ ಕಟ್ಟಡವನ್ನು ಕೆಡವುವ ಮುನ್ನ ಬಳಸುವ ಸಾಧ್ಯತೆಯನ್ನು ಪರಿಶೀಲಿಸಬೇಕು ಎಂಬ ಮೂರು ಮಾತುಗಳನ್ನಾದರೂ ಹೇಳಿ. ಪೌರತ್ವ ಇರಲಿ ಇಲ್ಲದಿರಲಿ, ಊರಿನ ನಿವಾಸಿಯಾಗಿ ಅಭಿಪ್ರಾಯ ತಿಳಿಸಲು ಅಡ್ಡಿಯಿಲ್ಲ. 2006ರಲ್ಲಿ ಯೋಜನೆ ಬಿದ್ದ ಮೇಲೂ ಜನ ಮತ್ತು ಆಡಳಿತ ಪಟ್ಟುಹಿಡಿದು ಮುಂದುವರಿದದ್ದರಿಂದ 2018ರಲ್ಲಿ ನಿಲ್ದಾಣ ತೆರೆಯಿತು. ಮುಂದಿನ ಹಂತಗಳಿಗೂ ಬೇಕಾದ್ದು ಅದೇ ಪಟ್ಟು; ಅದರಲ್ಲಿ ಕನ್ನಡ ಕುಟುಂಬಗಳ ದನಿಯೂ ಸೇರಲಿ ಎಂಬುದು ಈ ಪತ್ರದ ಕಳಕಳಿಯ ಪ್ರಾರ್ಥನೆ.

ಗೌರವಾದರಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಟ್ರಯಾಂಗಲ್ ಪ್ರದೇಶದ ಒಬ್ಬ ಕನ್ನಡ ನಿವಾಸಿ